ಪಹಣಿ, ಪಿಂಚಣಿ ಮತ್ತು ಷೆಂಗೆನ್ ವೀಸಾ

ಯೂರೋಪಿನಲ್ಲಿ ಮೂರು ತಿಂಗಳೊಳಗೆ ಇದ್ದು ಬರಬೇಕೆನ್ನುವ ಭಾರತೀಯರಿಗೆ ಬೇಕಾದುದು ಷೆಂಗೆನ್ ವೀಸಾ. ದಫ್ತರದಲ್ಲಿ ಇದಕ್ಕೆ 'ಸಿ' ವರ್ಗದ ವೀಸಾ ಎಂದು ಹೆಸರು. ಯಾವುದೇ 180 ದಿನಗಳ ಅವಧಿಯನ್ನು ತೆಗೆದುಕೊಂಡರೂ ಅದರಲ್ಲಿ 90 ದಿನ ಮೀರದಂತೆ ಅಲ್ಲಿ ಇರಬಹುದು. ಒಂದು ದೇಶ ಕೊಟ್ಟ ವೀಸಾ ಉಳಿದ ಷೆಂಗೆನ್ ದೇಶಗಳಲ್ಲೂ ನಡೆಯುತ್ತದೆ. ಈಗ ಅಂಥ ದೇಶಗಳು 29. ಸ್ವಿಟ್ಜರ್ಲೆಂಡ್, ನಾರ್ವೆ ಯೂರೋಪಿಯನ್ ಒಕ್ಕೂಟದ ಸದಸ್ಯರಲ್ಲದಿದ್ದರೂ ಈ ಗುಂಪಿನಲ್ಲಿವೆ. ಐರ್ಲೆಂಡ್ ಒಕ್ಕೂಟದಲ್ಲಿದ್ದೂ ಇದರಲ್ಲಿಲ್ಲ. ಬ್ರಿಟನ್ನಿಗೆ ಬೇರೆಯೇ ವೀಸಾ. ವೀಸಾ ಕೊಡುವ ಅಧಿಕಾರಿ ಮುಖ್ಯವಾಗಿ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಾರೆ. ಖರ್ಚು ಯಾರದು? ಬಂದವರು ವಾಪಸು ಹೋಗುತ್ತಾರೆಯೆ? ಮೊದಲನೆಯದಕ್ಕೆ ಬ್ಯಾಂಕಿನ ಲೆಕ್ಕ ಸಾಕು. ಎರಡನೆಯದು ಮನಸ್ಸಿನ ಮಾತು, ಅದನ್ನೂ ಕಾಗದದಲ್ಲೇ ತೋರಿಸಬೇಕು. ಬೆಂಗಳೂರಿನ ಸಂಬಳದಾರರಿಗೆ ಇದು ಒಂದು ಸಂಜೆಯ ಕೆಲಸ. ಚಿತ್ರದುರ್ಗ ಜಿಲ್ಲೆಯ ಒಬ್ಬ ತೋಟಗಾರರಿಗೆ ಇದೇ ಕೆಲಸ ನಾಲ್ಕು ವರ್ಷ ಹಿಡಿಯಿತು. ಅದೇ ಜಿಲ್ಲೆಯ ಹಿರಿಯೂರಿನ ಒಂದೇ ಮನೆತನದಿಂದ 2019ರಲ್ಲಿ ಹೋದ ಅರ್ಜಿಗಳಲ್ಲಿ ಈ ಎರಡೂ ಬಗೆಯವು ಇದ್ದವು. ಆ ಮನೆಯವರು ನೆನಪಿಟ್ಟುಕೊಂಡಿರುವುದನ್ನು ಆಧರಿಸಿದೆ ಈ ಬರಹ.

ವೀಸಾ ಎಂಬ ಈ ಬಾಗಿಲು ತೀರಾ ಹಳೆಯದೇನಲ್ಲ. 1962ರ ಕಾಮನ್‌ವೆಲ್ತ್ ವಲಸೆ ಕಾಯ್ದೆ ಬರುವವರೆಗೆ ಭಾರತೀಯರು ಬ್ರಿಟನ್ನಿಗೆ ಹೆಚ್ಚಿನ ಅಡೆತಡೆಯಿಲ್ಲದೆ ಹೋಗಿ ನೆಲೆಸಬಹುದಿತ್ತು. ಬರಿಯ ಭೇಟಿಗೂ ಮುಂಚಿತವಾಗಿ ವೀಸಾ ಬೇಕೆಂದು ಆ ದೇಶ ಹೇಳಿದ್ದು 1986ರಲ್ಲಿ. ಅದೇ ವರ್ಷ ಪ್ಯಾರಿಸಿನಲ್ಲಿ ಬಾಂಬುಗಳು ಸಿಡಿದ ಮೇಲೆ ಫ್ರಾನ್ಸ್ ಹೊರಗಿನ ಬಹುತೇಕ ದೇಶಗಳವರಿಗೆ ವೀಸಾ ಕಡ್ಡಾಯ ಮಾಡಿತು. ಅದಕ್ಕೊಂದು ವರ್ಷ ಮೊದಲು, 1985ರ ಜೂನ್ 14ರಂದು, ಲಕ್ಸೆಂಬರ್ಗಿನ ಷೆಂಗೆನ್ ಎಂಬ ಪುಟ್ಟ ಊರಿನ ಬಳಿ ಮೊಸೆಲ್ ನದಿಯಲ್ಲಿ ನಿಂತ ಹಡಗಿನ ಮೇಲೆ ಐದು ದೇಶಗಳು ತಮ್ಮ ನಡುವಿನ ಗಡಿ ತಪಾಸಣೆ ತೆಗೆಯಲು ಒಪ್ಪಂದ ಮಾಡಿಕೊಂಡಿದ್ದವು. ಅದು ಜಾರಿಗೆ ಬಂದದ್ದು 1995ರ ಮಾರ್ಚ್‌ನಲ್ಲಿ. ಒಳಗಿನ ಗೋಡೆ ತೆಗೆದವರು ಹೊರಗಿನ ಗೋಡೆಯನ್ನು ಎತ್ತರಿಸಿದರು, ಮನೆ ಒಂದಾದ ಮೇಲೆ ಹೆಬ್ಬಾಗಿಲಿನ ಕಾವಲು ಬಿಗಿಯಾಗುವುದು ಸಹಜವೇ. 2010ರ ಏಪ್ರಿಲ್‌ನಿಂದ ಎಲ್ಲ ದೇಶಗಳಿಗೂ ಒಂದೇ ವೀಸಾ ಸಂಹಿತೆ ಅನ್ವಯಿಸುತ್ತಿದೆ. ಅರ್ಜಿಯ ನಮೂನೆ, ಶುಲ್ಕ, ನಿರಾಕರಣೆಯ ಕಾರಣಗಳು ಎಲ್ಲವೂ ಅದರಲ್ಲೇ ಇವೆ. ಆದ್ದರಿಂದ ಹಿರಿಯೂರಿನವರು ಯಾವ ದೇಶಕ್ಕೆ ಅರ್ಜಿ ಹಾಕಿದರು ಎಂಬುದು ಇಲ್ಲಿ ಮುಖ್ಯವಲ್ಲ. ಒಂದಕ್ಕಿಂತ ಹೆಚ್ಚು ದೇಶಗಳಿಗೆ ಹೋಗುವವರು ಹೆಚ್ಚು ದಿನ ತಂಗುವ ದೇಶಕ್ಕೆ ಅರ್ಜಿ ಹಾಕಬೇಕು. ದಿನಗಳು ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ.

ಹಿರಿಯೂರಿನಂಥ ಊರಿನಿಂದ ಯೂರೋಪಿಗೆ ಹೋಗುವವರಲ್ಲಿ ಪ್ರವಾಸಕ್ಕೆಂದೇ ಹೊರಡುವವರು ಕಡಿಮೆ. ಎಂಜಿನಿಯರಿಂಗ್ ಓದಿ ಬೆಂಗಳೂರಿಗೆ, ಅಲ್ಲಿಂದ ಕಂಪನಿಯ ಮೂಲಕ ಹೊರಗೆ ಹೋದ ಮಗ ಅಥವಾ ಮಗಳು, ಅವರ ಮನೆಯಲ್ಲೊಂದು ಹೆರಿಗೆ. ಅಪ್ಪ ಅಮ್ಮ ವಿಮಾನ ಹತ್ತುವುದು ಸಾಮಾನ್ಯವಾಗಿ ಈ ಕಾರಣಕ್ಕೆ. ಬಾಣಂತನವನ್ನು ಮೂರು ತಿಂಗಳಿಗೋ ಐದು ತಿಂಗಳಿಗೋ ಮುಗಿಸುವುದು ವಾಡಿಕೆ. ಷೆಂಗೆನ್ ಕಾನೂನು ಕೊಡುವುದು 90 ದಿನ. ಹೆರಿಗೆಗೆ ಮೊದಲು ಎರಡು ವಾರ ಅಲ್ಲಿರಬೇಕೆಂದರೆ ಕೂಸಿಗೆ ಎರಡೂವರೆ ತಿಂಗಳಾಗುವಷ್ಟರಲ್ಲಿ ಅಜ್ಜಿ ಹೊರಡಬೇಕು. ಹೆರಿಗೆಯ ದಿನ ಹಿಂದುಮುಂದಾದರೆ ಈ ಲೆಕ್ಕವೂ ತಪ್ಪುತ್ತದೆ. 2019ರಲ್ಲಿ ಪ್ರಯಾಣದ ದಿನಕ್ಕೆ ಮೂರು ತಿಂಗಳಿಗಿಂತ ಮುಂಚೆ ಅರ್ಜಿ ಹಾಕುವಂತಿರಲಿಲ್ಲ. ಬೇಸಿಗೆಯಲ್ಲಿ ಅರ್ಜಿ ಕೊಡುವ ದಿನ ಸಿಗುವುದೇ ಕಷ್ಟ. ಸೆಪ್ಟೆಂಬರಿನ ಹೆರಿಗೆಗೆ ಆ ಮನೆಯವರು ಯುಗಾದಿ ಹೊತ್ತಿಗೇ ಕಾಗದ ಕೂಡಿಸಲು ಕುಳಿತರು.

ಅರ್ಜಿದಾರರು ಮೂವರು. ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಮೇಷ್ಟರಾಗಿ ನಿವೃತ್ತರಾದವರೊಬ್ಬರು, ಅವರ ಪತ್ನಿ, ಮೇಷ್ಟರ ಅಣ್ಣ. ಅಣ್ಣ ಓದಿದ್ದು ಏಳನೇ ತರಗತಿ, ವಾಣಿವಿಲಾಸ ಸಾಗರದ ನಾಲೆಯ ಕೆಳಗೆ ತೆಂಗು ಅಡಿಕೆಯ ತೋಟ. ಮೇಷ್ಟರು ದೂರದ ಪ್ರಯಾಣಕ್ಕೆ ಅಂಜುವವರು. ಅಣ್ಣ ಹಾಗಲ್ಲ, ಲಾರಿಯಲ್ಲಿ ಕುಳಿತು ಕೊಬ್ಬರಿ ಮಾರಲು ನಾಲ್ಕು ರಾಜ್ಯ ನೋಡಿದ್ದವರು. ದೊಡ್ಡಪ್ಪ ಜೊತೆಗೆ ಬಂದು ಮೂರು ವಾರ ಇದ್ದು ಹೋಗಲಿ, ಖರ್ಚು ತನ್ನದು ಎಂದು ಹೆರಿಗೆಯಾಗಲಿದ್ದ ಹುಡುಗಿ, ಮೇಷ್ಟರ ಮಗಳೇ ಹೇಳಿದ್ದಳು. ಊರವರ ಲೆಕ್ಕದಲ್ಲಿ ಅಣ್ಣನೇ ಅನುಕೂಲಸ್ಥ. ಮೇಷ್ಟರಿಗೆ ಪಿಂಚಣಿ ಬಿಟ್ಟರೆ ಒಂದು ಮನೆ, ಅಷ್ಟೆ.

ಮೊದಲ ಗಂಟು ಹೆಸರಿನದು. ಹಳೆ ಮೈಸೂರಿನ ಕಡೆ ಹೆಸರಿನ ಮುಂದೆ ಊರಿನದೋ ತಂದೆಯದೋ ಒಂದು ಇನಿಷಿಯಲ್ ಇರುತ್ತದೆ, ಮನೆತನದ ಹೆಸರು ಇರುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯದು, ಬಿಡಿಸಿ ಬರೆಯಬೇಕು. ಹೀಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು, ಆಧಾರ್‌ನಲ್ಲಿ ಒಂದು, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಇನ್ನೊಂದು ಎಂದು ಒಬ್ಬರೇ ಮೂವರಾಗುತ್ತಾರೆ. ಮೇಷ್ಟರ ಪತ್ನಿಗೆ ಮನೆಯಲ್ಲಿ ಕರೆಯುವ ಹೆಸರು ಮತದಾರರ ಚೀಟಿಗೂ ಶಾಲೆಯ ಹೆಸರು ಆಧಾರ್‌ಗೂ ಸೇರಿತ್ತು. ಮದುವೆ 1980ರ ದಶಕದ್ದು. ನೋಂದಣಿ ಎಂಬುದು ಆಗ ಯಾರ ಮನಸ್ಸಿಗೂ ಬಂದಿರಲಿಲ್ಲ. ಹಳೆಯ ಟ್ರಂಕಿನಲ್ಲಿದ್ದ ಲಗ್ನಪತ್ರಿಕೆ, ಧಾರೆಯ ಒಂದು ಕಪ್ಪುಬಿಳುಪು ಫೋಟೊ, ಮೂವರು ಸಾಕ್ಷಿಗಳನ್ನು ಹಿಡಿದುಕೊಂಡು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ, ಮೂವತ್ತು ವರ್ಷ ಸಂಸಾರ ಮಾಡಿದವರು ಗಂಡ ಹೆಂಡತಿ ಎಂದು ಬರೆಸಿಕೊಂಡರು. ಮಗಳ ಜನನ ಪತ್ರದಲ್ಲಿ ಇದ್ದದ್ದು 'ಹೆಣ್ಣು' ಎಂಬುದು ಮಾತ್ರ. ಹೆರಿಗೆಯಾದ ಕೂಡಲೇ ನೋಂದಾಯಿಸಿದ ಹಳೆಯ ಪತ್ರಗಳಲ್ಲಿ ಇದು ತೀರಾ ಸಾಮಾನ್ಯ, ನಾಮಕರಣದ ಮೇಲೆ ಹೆಸರು ಸೇರಿಸಲು ಯಾರೂ ಮರಳಿ ಹೋಗುತ್ತಿರಲಿಲ್ಲ. ಅದನ್ನು ಸೇರಿಸದೆ ಅಪ್ಪ ಅಮ್ಮನಿಗೂ ಮಗಳಿಗೂ ಸಂಬಂಧವಿದೆ ಎಂಬುದಕ್ಕೆ ಪುರಾವೆಯಿಲ್ಲ. ಇವೆಲ್ಲ ತಾಳ್ಮೆಯಿಂದ ಮುಗಿಯುವ ಕೆಲಸಗಳು, ಮುಗಿದವು.

ಅಣ್ಣನ ಕಾಗದಗಳದ್ದು ಬೇರೆ ಕಥೆ. ಅವರು ಉಳುವ ಜಮೀನಿನ ಪಹಣಿಯಲ್ಲಿ ಇದ್ದದ್ದು ಸತ್ತು ಇಪ್ಪತ್ತು ವರ್ಷವಾಗಿದ್ದ ತಂದೆಯ ಹೆಸರು. ಪೌತಿ ಖಾತೆ, ಎಂದರೆ ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾವಣೆ, ಆಗಿರಲಿಲ್ಲ; ಪಾಲು ಬಾಯಿಮಾತಿನಲ್ಲಿ ಆಗಿತ್ತು. ಮೇಷ್ಟರು ತಮ್ಮ ಭಾಗವನ್ನು ಅಣ್ಣನಿಗೇ ಬಿಟ್ಟು ವರ್ಷಕ್ಕಿಷ್ಟು ಕಾಯಿ, ರಾಗಿ ತರಿಸಿಕೊಳ್ಳುತ್ತಿದ್ದರು. ಹಿರಿಯೂರು ಸೀಮೆಯ ಎಷ್ಟೋ ಮನೆಗಳಲ್ಲಿ ಜಮೀನು ಹೀಗೇ ನಡೆಯುತ್ತಿದೆ, ಜಗಳವಿಲ್ಲದಿದ್ದರೆ ಕಾಗದದ ನೆನಪೂ ಬರುವುದಿಲ್ಲ. ಊರಿಗೆಲ್ಲ ಗೊತ್ತಿದ್ದ ಈ ತೋಟ ಕಡತದ ಪ್ರಕಾರ ಅವರದಲ್ಲ. ಜಮೀನು ಹೆಸರಿಗೆ ಇಲ್ಲದ್ದರಿಂದಲೇ ಮನೆಗೆ ಬಿಪಿಎಲ್ ಕಾರ್ಡು ಸಿಕ್ಕಿತ್ತು. ಯೂರೋಪಿಗೆ ಹೋಗುವವರ ಕಡತದಲ್ಲಿ ಬಿಪಿಎಲ್ ಕಾರ್ಡು ಬೇಡ ಎಂದು ಯಾರೋ ತೆಗೆಸಿದರು. ಹೆಂಡತಿ, ಮಗ, ಸೊಸೆ, ಮೊಮ್ಮಗ ಹಿರಿಯೂರಿನಲ್ಲೇ ಇದ್ದಾರೆ ಎಂದು ತೋರಿಸುತ್ತಿದ್ದ ಒಂದೇ ಕಾಗದವೂ ಅದೇ ಆಗಿತ್ತು.

ಆದಾಯದ ಮಾತು ಇನ್ನೂ ತೊಡಕು. ಆದಾಯ ತೆರಿಗೆ ಕಾಯ್ದೆಯಂತೆ ಕೃಷಿ ಆದಾಯಕ್ಕೆ ತೆರಿಗೆಯಿಲ್ಲ. ಕೃಷಿ ಬಿಟ್ಟು ಬೇರೆ ಆದಾಯವಿಲ್ಲದವರು ರಿಟರ್ನ್ ಸಲ್ಲಿಸಬೇಕಾಗಿಯೂ ಇಲ್ಲ. ದೇಶದೊಳಗೆ ಇದು ರೈತರಿಗೆ ರಿಯಾಯಿತಿ. ವೀಸಾ ಅರ್ಜಿಯಲ್ಲಿ ಇದೇ ಕೊರತೆ, ಏಕೆಂದರೆ ದೂತಾವಾಸಗಳು ಕೇಳುವ ಪಟ್ಟಿಯಲ್ಲಿ ಐಟಿ ರಿಟರ್ನ್ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಹಣ ಬರುವ ರೀತಿಯೂ ಹಾಗೆಯೆ. ಅಡಿಕೆಯನ್ನು ಮರದಲ್ಲಿರುವಾಗಲೇ ಚೇಣಿಗೆ ಕೊಡುವುದು ಈ ಕಡೆಯ ರೂಢಿ. ಚೇಣಿದಾರ ಮುಂಗಡವನ್ನು ನಗದಾಗಿ ಕೊಡುತ್ತಾನೆ, ಬಾಕಿ ಭೀಮಸಮುದ್ರದ ಮಂಡಿಗೆ ಅಡಿಕೆ ಹೋದ ಮೇಲೆ. ಕೊಬ್ಬರಿ ತಿಪಟೂರಿಗೆ ಹೋಗುತ್ತದೆ, ಅದರ ದುಡ್ಡು ವರ್ಷಕ್ಕೆ ಎರಡೋ ಮೂರೋ ಬಾರಿ. ಬ್ಯಾಂಕಿಗೆ ಬೀಳುವುದು ಗೊಬ್ಬರದಂಗಡಿ, ಕೂಲಿ, ಕೈಸಾಲ ಎಲ್ಲ ತೀರಿ ಉಳಿದದ್ದು. ಮೂರು ತಿಂಗಳ ಸ್ಟೇಟ್‌ಮೆಂಟಿನಲ್ಲಿ ಏನೂ ಕಾಣದೆ ಇರಬಹುದು, ಇಲ್ಲವೆ ಒಂದೇ ದಿನ ದೊಡ್ಡ ಮೊತ್ತ ಕಾಣಬಹುದು. ದೊಡ್ಡ ಮೊತ್ತ ಇನ್ನೂ ಅಪಾಯ. ವೀಸಾಕ್ಕೆಂದು ಯಾರಿಂದಲೋ ಸಾಲ ತಂದು ಖಾತೆಗೆ ಕಟ್ಟಿದವರ ಲೆಕ್ಕವೂ ಹೀಗೇ ಕಾಣುತ್ತದೆ.

ವರ್ಷವೂ ಕೆಟ್ಟದಾಗಿತ್ತು. ಸಾಲುಸಾಲು ಬರದಿಂದ ವಾಣಿವಿಲಾಸ ಸಾಗರದ ನೀರು ತೀರಾ ಇಳಿದಿತ್ತು. ತಾಲ್ಲೂಕಿನುದ್ದಕ್ಕೂ ತೆಂಗಿನ ತೋಟಗಳ ಸುಳಿ ಒಣಗುತ್ತಿತ್ತು. ಅಣ್ಣನ ಸ್ಟೇಟ್‌ಮೆಂಟಿನಲ್ಲಿ ಇದ್ದದ್ದು ಟ್ಯಾಂಕರ್ ನೀರಿಗೆ ತೆಗೆದ ಹಣ, ಕೊಳವೆಬಾವಿ ಕೊರೆಸಲು ತೆಗೆದ ಹಣ, 2018ರಲ್ಲಿ ರಾಜ್ಯ ಸರ್ಕಾರ ಘೋಷಿಸಿದ ಬೆಳೆಸಾಲ ಮನ್ನಾದ ಒಂದು ಜಮೆ. ಹಿರಿಯೂರಿನವರು ಓದಿದರೆ ಅದು ಮರ ಉಳಿಸಿಕೊಳ್ಳಲು ಒದ್ದಾಡುತ್ತಿರುವ ತೋಟಗಾರರ ಲೆಕ್ಕ. ಹೊರಗಿನವರು ಓದಿದರೆ ಸಾಲ ತೀರಿಸಲಾಗದ ಮುದುಕರೊಬ್ಬರ ಲೆಕ್ಕ. ಮೇಷ್ಟರ ಲೆಕ್ಕ ಒಂದು ಪುಟದ್ದು, ತಿಂಗಳು ತಿಂಗಳು ಪಿಂಚಣಿ ಬಂದಿದೆ, ದಿನಸಿಗೆ, ಕರೆಂಟಿಗೆ ಒಂದಿಷ್ಟು ಹೋಗಿದೆ, ಒಂದಿಷ್ಟು ಉಳಿದಿದೆ. ಅವರ ಖಾತೆ ಮೊದಲು ಸ್ಟೇಟ್ ಬ್ಯಾಂಕ್ ಆಫ್ ಮೈಸೂರಿನದು. 2017ರ ಏಪ್ರಿಲ್ 1ರಂದು ಅದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಲೀನವಾದ ಮೇಲೂ ಹಳೆಯ ಪಾಸ್‌ಬುಕ್ಕನ್ನೇ ಇಟ್ಟುಕೊಂಡಿದ್ದರು. ಶಾಖೆಗೆ ಹೋಗಿ ಸಹಿ, ಮೊಹರು ಇರುವ ಸ್ಟೇಟ್‌ಮೆಂಟು ತಂದರು, ಕೆಲಸ ಮುಗಿಯಿತು.

ಆತಿಥೇಯರ ಕಡೆಯ ಕಾಗದ ದೇಶದಿಂದ ದೇಶಕ್ಕೆ ಬೇರೆ. ಜರ್ಮನಿಯಲ್ಲಿ ಅತಿಥಿಯ ಖರ್ಚಿಗೆಲ್ಲ ತಾನೇ ಹೊಣೆ ಎಂದು ವಿದೇಶಿಯರ ಕಚೇರಿಯಲ್ಲಿ ಅಧಿಕಾರಿಯ ಮುಂದೆ ಸಹಿ ಮಾಡಿಕೊಡಬೇಕು. ಸಂಬಳದ ಚೀಟಿ ನೋಡಿಯೇ ಅವರು ಅದನ್ನು ಕೊಡುತ್ತಾರೆ, ಶುಲ್ಕ 29 ಯೂರೋ. ಫ್ರಾನ್ಸಿನಲ್ಲಿ ಊರಿನ ಪುರಭವನ ಆತಿಥ್ಯ ಪತ್ರ ಕೊಡುತ್ತದೆ. ನೆದರ್ಲೆಂಡ್ಸಿನಲ್ಲಿ ಜವಾಬ್ದಾರಿಯ ನಮೂನೆಗೆ ಪುರಸಭೆಯಲ್ಲಿ ಸಹಿ ದೃಢೀಕರಿಸಬೇಕು. ಹುಡುಗಿ ತನ್ನಲ್ಲಿ ಬೇಕಾದುದನ್ನೆಲ್ಲ ಮೂವರಿಗೂ ಮಾಡಿ ಕಳಿಸಿದಳು, ಜೊತೆಗೆ ತನ್ನ ವಾಸ ಪರವಾನಗಿಯ ಪ್ರತಿ, ಮನೆ ಬಾಡಿಗೆಯ ಕರಾರು, ವೈದ್ಯರು ಬರೆದುಕೊಟ್ಟ ಹೆರಿಗೆಯ ದಿನಾಂಕ. ಇಂಥ ಪತ್ರಗಳ ಬಗ್ಗೆ ಒಂದು ತಪ್ಪು ತಿಳಿವಳಿಕೆ ಎಲ್ಲ ಕಡೆ ಇದೆ. ಆತಿಥೇಯರ ಪತ್ರ ಎಷ್ಟೇ ಗಟ್ಟಿಯಾಗಿರಲಿ, ಅದು ಮೊದಲ ಪ್ರಶ್ನೆಗೆ ಮಾತ್ರ ಉತ್ತರ. ಅನ್ನ ಹಾಕುವವರು ಯಾರೆಂದು ಅದು ಹೇಳುತ್ತದೆ. ಉಂಡವರು ಏಳುತ್ತಾರೆಯೆ ಎಂದು ಹೇಳುವುದಿಲ್ಲ.

ಉಳಿದವು ಸಣ್ಣಪುಟ್ಟವು. ಪಾಸ್‌ಪೋರ್ಟು ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ವಾಪಸಾಗುವ ದಿನದ ನಂತರವೂ ಮೂರು ತಿಂಗಳು ಚಾಲ್ತಿಯಿರಬೇಕು, ಎರಡು ಪುಟ ಖಾಲಿಯಿರಬೇಕು. ಪ್ರವಾಸ ವಿಮೆ ಕನಿಷ್ಠ 30,000 ಯೂರೋದ್ದು, ಎಲ್ಲ ಷೆಂಗೆನ್ ದೇಶಗಳಿಗೂ ಅನ್ವಯಿಸುವಂಥದ್ದು. ವಯಸ್ಸಾದಂತೆ ಕಂತು ಏರುತ್ತದೆ. ವಿಮಾನದ ಟಿಕೆಟ್ ಕೊಂಡುಬಿಡಬಾರದು, ಕಾಯ್ದಿರಿಸಿದ ಚೀಟಿ ಇದ್ದರೆ ಸಾಕು. ಫೋಟೊ 35 ಮಿಮೀ ಅಗಲ, 45 ಮಿಮೀ ಎತ್ತರ, ತಿಳಿಬಣ್ಣದ ಹಿನ್ನೆಲೆ, ಮುಖವೇ ಬಹುಪಾಲು ತುಂಬಿರಬೇಕು. ಸ್ಟುಡಿಯೋದವರು ಅಭ್ಯಾಸಬಲದಿಂದ ಮುಖದ ಸುಕ್ಕು ಅಳಿಸಿ ಬಣ್ಣ ಬೆಳಗಿಸಿಕೊಟ್ಟಿದ್ದರು. ಅದು ನಡೆಯಲಿಲ್ಲ, ಮತ್ತೆ ತೆಗೆಸಬೇಕಾಯಿತು.

ಅರ್ಜಿ ಕೊಡುವುದು ಬೆಂಗಳೂರಿನಲ್ಲಿ. ದೂತಾವಾಸಗಳು ಕಾಗದ ಪಡೆಯುವ ಕೆಲಸವನ್ನು ಹೊರಗುತ್ತಿಗೆ ಕಂಪನಿಗಳಿಗೆ ಬಿಟ್ಟಿವೆ. ಅಲ್ಲಿನ ಸಿಬ್ಬಂದಿ ಕಡತ ಜೋಡಿಸಿ ಮುಂದಕ್ಕೆ ಕಳಿಸುತ್ತಾರೆ, ವೀಸಾ ಕೊಡುವ ಬಿಡುವ ಅಧಿಕಾರ ಅವರಿಗಿಲ್ಲ. ಇದು ಗೊತ್ತಿಲ್ಲದವರು ಕೌಂಟರಿನಲ್ಲಿ ಕುಳಿತ ಹುಡುಗಿಗೆ ತಮ್ಮ ಮನೆಯ ಕಥೆಯನ್ನೆಲ್ಲ ಹೇಳುತ್ತಾರೆ. ಹಿರಿಯೂರಿನಿಂದ ಬೆಂಗಳೂರು ಸುಮಾರು 160 ಕಿಲೋಮೀಟರ್. ಸಿರಾ, ತುಮಕೂರು ದಾಟಿ ನೆಲಮಂಗಲದವರೆಗೆ ಹೆದ್ದಾರಿಯಲ್ಲಿ ಸರಾಗ, ಆಮೇಲೆ ಪೀಣ್ಯದಿಂದ ಒಳಕ್ಕೆ ಎಷ್ಟು ಹೊತ್ತು ಎಂದು ಯಾರೂ ಹೇಳಲಾರರು. ಕೊಟ್ಟ ಹೊತ್ತು ತಪ್ಪಿದರೆ ಇನ್ನೊಂದು ದಿನ ಸಿಗಲು ವಾರಗಳೇ ಬೇಕು. ಹಾಗಾಗಿ ಬೆಳಗಿನ ಹೊತ್ತು ಸಿಕ್ಕಿದವರು ಹಿಂದಿನ ದಿನವೇ ಬೆಂಗಳೂರಿನ ನೆಂಟರ ಮನೆ ಸೇರುತ್ತಾರೆ. ಇವರೂ ಹಾಗೇ ಮಾಡಿದರು.

2015ರ ನವೆಂಬರಿನಿಂದ ಭಾರತದಲ್ಲಿ ಷೆಂಗೆನ್ ಅರ್ಜಿದಾರರ ಹತ್ತೂ ಬೆರಳಿನ ಅಚ್ಚು ತೆಗೆದುಕೊಳ್ಳುತ್ತಾರೆ. ಒಮ್ಮೆ ಕೊಟ್ಟರೆ 59 ತಿಂಗಳು ಅದನ್ನೇ ಬಳಸಬಹುದು. 12 ವರ್ಷದೊಳಗಿನ ಮಕ್ಕಳಿಗೆ ಇದಿಲ್ಲ. ನೇಗಿಲು, ಮಚ್ಚು, ಕಾಯಿ ಸುಲಿಯುವ ಕಬ್ಬಿಣದೊಂದಿಗೆ ಐವತ್ತು ವರ್ಷ ಕಳೆದ ಕೈಯಲ್ಲಿ ಗೆರೆ ಉಳಿದಿರುವುದಿಲ್ಲ. ಅಣ್ಣನಿಗೆ ನ್ಯಾಯಬೆಲೆ ಅಂಗಡಿಯಲ್ಲೂ ಹೆಬ್ಬೆಟ್ಟು ಹೊಂದುತ್ತಿರಲಿಲ್ಲ. ಇಲ್ಲಿ ಬೆರಳು ಒರೆಸಿ, ಒದ್ದೆ ಮಾಡಿ, ಒತ್ತಿ ಹಿಡಿದು ಕೊನೆಗೆ ಯಂತ್ರ ಒಪ್ಪಿತು. ದೈಹಿಕವಾಗಿ ಅಚ್ಚು ಕೊಡಲು ಸಾಧ್ಯವೇ ಇಲ್ಲದವರಿಗೆ ನಿಯಮದಲ್ಲಿ ವಿನಾಯಿತಿ ಉಂಟು, ಆದರೆ ಸರದಿಯಲ್ಲಿ ನಿಂತವರಿಗೆ ಅದನ್ನು ಯಾರೂ ಹೇಳುವುದಿಲ್ಲ. ವೀಸಾ ಶುಲ್ಕ ಆಗ 60 ಯೂರೋ, ಐದು ಸಾವಿರ ರೂಪಾಯಿಗೆ ಸ್ವಲ್ಪ ಕಡಿಮೆ; ಅದರ ಮೇಲೆ ಸೇವಾ ಶುಲ್ಕ, ಕೊರಿಯರ್. ಕೂತುಕೊಳ್ಳಲು ಬೇರೆ ಕೋಣೆ, ಕಾಫಿ, ಎಸ್ಸೆಮ್ಮೆಸ್ಸು ಎಂದು ಇನ್ನಷ್ಟು ಕೀಳುವ ಏರ್ಪಾಟೂ ಇಂಥ ಕಡೆ ಇರುತ್ತದೆ. ಅವು ಬೇಕೇ ಬೇಕೆಂದಿಲ್ಲ, ಅವುಗಳಿಂದ ವೀಸಾ ಸುಲಭವಾಗುವುದೂ ಇಲ್ಲ.

ನಿಯಮದಂತೆ ತೀರ್ಮಾನಕ್ಕೆ 15 ದಿನ. ಹೆಚ್ಚಿನ ಪರಿಶೀಲನೆ ಬೇಕಾದರೆ ಈಗ 45 ದಿನದವರೆಗೆ. ಮೇಷ್ಟರಿಗೂ ಅವರ ಪತ್ನಿಗೂ 90 ದಿನದ ವೀಸಾ ಬಂತು. ಅಣ್ಣನ ಪಾಸ್‌ಪೋರ್ಟಿನ ಜೊತೆ ಒಂದು ಹಾಳೆ ಬಂತು. ನಿರಾಕರಣೆಯ ಈ ಹಾಳೆ ಎಲ್ಲ ದೇಶಗಳಿಗೂ ಒಂದೇ ನಮೂನೆಯದು. ಕಾರಣಗಳು ಅಚ್ಚಾಗಿರುತ್ತವೆ, ಅನ್ವಯಿಸುವುದರ ಮುಂದೆ ಗುರುತು ಹಾಕುತ್ತಾರೆ. ವೀಸಾ ಮುಗಿಯುವ ಮೊದಲು ವಾಪಸಾಗುವ ಉದ್ದೇಶ ಖಚಿತವಾಗಿಲ್ಲ ಎಂಬ ಸಾಲಿನ ಮುಂದೆ ಗುರುತಿತ್ತು. ಕಟ್ಟಿದ ಶುಲ್ಕ ಮರಳುವುದಿಲ್ಲ. ಹುಡುಗಿಯ ತಮ್ಮ ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳಿದಾಗ ಅಣ್ಣ ನಕ್ಕರಂತೆ: "ವಾಪಸ್ ಬರ್ದೆ ಅಲ್ಲೇನ್ ಮಾಡ್ಲಪ್ಪಾ? ತ್ವಾಟಕ್ಕೆ ನೀರ್ ಯಾರ್ ಬಿಡ್ತಾರೆ?" ಆ ಪ್ರಶ್ನೆಗಿಂತ ಒಳ್ಳೆಯ ಸಮರ್ಥನೆ ಇರಲಾರದು, ಆದರೆ ಕಡತದಲ್ಲಿ ತೋಟವೇ ಇರಲಿಲ್ಲ.

ಅಧಿಕಾರಿಯನ್ನು ಬೈಯುವುದು ಸುಲಭ. ಆ ಮನೆಯಲ್ಲೂ ಕೆಲವು ದಿನ ಅದೇ ನಡೆಯಿತು. ಅವರ ಮುಂದಿದ್ದುದನ್ನು ನೋಡಿದರೆ ತೀರ್ಪು ಅಷ್ಟೇನೂ ಅನ್ಯಾಯದ್ದಲ್ಲ. ಹೆಸರಿನಲ್ಲಿ ಆಸ್ತಿಯಿಲ್ಲ, ಆದಾಯಕ್ಕೆ ದಾಖಲೆಯಿಲ್ಲ, ಸಾಲ ಮನ್ನಾ ಆಗಿದೆ, ಹೆಂಡತಿ ಮಕ್ಕಳ ಪ್ರಸ್ತಾಪವಿಲ್ಲ, ಹಿಂದೆ ಎಲ್ಲಿಗೂ ಹೋಗಿ ಬಂದ ಮುದ್ರೆಯಿಲ್ಲ. ಜರ್ಮನಿಯಂಥ ದೇಶದಲ್ಲಿ ಕುಳಿತವರಿಗೂ ಬೆಂಗಳೂರಿನಲ್ಲೇ ಕುಳಿತವರಿಗೂ ಇದರಿಂದ ತೋಟಗಾರರೊಬ್ಬರು ಕಾಣಿಸಲಾರರು. ವೀಸಾ ವ್ಯವಸ್ಥೆ ಬಡವರನ್ನು ತಡೆಯುತ್ತದೆ, ಶ್ರೀಮಂತರನ್ನು ಬಿಡುತ್ತದೆ ಎನ್ನುವ ಮಾತು ಅರ್ಧ ನಿಜ. ಅದು ಒಪ್ಪುವುದು ಕ್ರಮವಾಗಿ ಬರುವ, ಬೇರೆಯವರು ಬರೆದಿಟ್ಟ ಹಣವನ್ನು. ಮೇಷ್ಟರ ಸಣ್ಣ ಪಿಂಚಣಿ ಗೆದ್ದದ್ದೂ ಅಣ್ಣನ ತೋಟ ಸೋತದ್ದೂ ಇದರಿಂದಲೇ.

ಇಂಥ ಹೊತ್ತಿನಲ್ಲಿ ಏಜೆಂಟರು ಬರುತ್ತಾರೆ. ಬ್ಯಾಂಕಿನ ಸ್ಟೇಟ್‌ಮೆಂಟು ಮಾಡಿಸಿಕೊಡುತ್ತೇವೆ, ಒಂದು ಅಂಗಡಿಯ ಪಾಲುದಾರ ಎಂದು ತೋರಿಸುತ್ತೇವೆ, ಬೇರೆ ದೇಶದಿಂದ ಸುಲಭವಾಗಿ ಕೊಡಿಸುತ್ತೇವೆ ಎಂಬ ಮಾತುಗಳು ಆ ಮನೆಗೂ ಬಂದವು. ಅರ್ಜಿಯ ವಿವರಗಳೆಲ್ಲ ಐದು ವರ್ಷ ವೀಸಾ ಮಾಹಿತಿ ಕೋಶದಲ್ಲಿ ಉಳಿಯುತ್ತವೆ, ಯಾವ ಷೆಂಗೆನ್ ದೇಶದ ದೂತಾವಾಸವೂ ಅದನ್ನು ತೆರೆದು ನೋಡಬಹುದು. ಸುಳ್ಳು ಕಾಗದ ಸಿಕ್ಕಿಬಿದ್ದರೆ ಅದೇ ನಿರಾಕರಣೆಗೆ ಪ್ರತ್ಯೇಕ ಕಾರಣ. ನಿಜವಾದ ಕಾಗದ ಸಾಲದೆ ಬಂದ ನಿರಾಕರಣೆಯನ್ನು ಮುಂದೆ ಸರಿಪಡಿಸಬಹುದು, ಸುಳ್ಳು ಕಾಗದದಿಂದ ಬಂದದ್ದನ್ನು ಸರಿಪಡಿಸುವುದು ಬಲು ಕಷ್ಟ. ಅಣ್ಣ ಏಜೆಂಟರ ಮಾತು ಕೇಳಲಿಲ್ಲ, ಹೋಗುವ ಆಸೆಯನ್ನೇ ಬಿಟ್ಟರು. ದಂಪತಿ ಆಗಸ್ಟಿನಲ್ಲಿ ಹೊರಟರು. ಅಂಟು, ಒಣಶುಂಠಿ, ಓಂಕಾಳು, ಬೆಳ್ಳುಳ್ಳಿ ಎಲ್ಲವೂ ಹೋದವು, ಮನೆಯಲ್ಲಿ ಕಾಯಿಸಿದ ತುಪ್ಪ ಉಳಿಯಿತು. ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥ ತರುವುದನ್ನು ಯೂರೋಪಿಯನ್ ಒಕ್ಕೂಟ ನಿಷೇಧಿಸಿದೆ ಎಂದು ಮಗಳು ಫೋನಿನಲ್ಲಿ ಹೇಳಿದ್ದಳು. ಬಾಣಂತಿಗೆ ಅಂಗಡಿಯ ಬೆಣ್ಣೆಯಿಂದ ಅಲ್ಲೇ ಕಾಯಿಸಿದರು.

2020ರ ಮಾರ್ಚಿನಲ್ಲಿ ಕೊರೊನಾದಿಂದ ಯೂರೋಪಿನ ಹೊರಗಡಿ ಮುಚ್ಚಿತು. ಎರಡನೆಯ ಅರ್ಜಿಯ ಮಾತು ಯಾರೂ ಎತ್ತಲಿಲ್ಲ. ಆ ಬಿಡುವಿನಲ್ಲಿ ಬೆಂಗಳೂರಿನಿಂದ ಊರಿಗೆ ಬಂದು ಕುಳಿತಿದ್ದ ಮನೆಯ ಹುಡುಗರು ಹಳೆಯ ಗಂಟು ಬಿಚ್ಚಿದರು. ತಾತನ ಮರಣ ಪತ್ರ, ವಂಶವೃಕ್ಷ, ಸರ್ವೆ ಇಲಾಖೆಯಿಂದ 11ಇ ನಕ್ಷೆ, ಅಕ್ಕತಂಗಿಯರ ಒಪ್ಪಿಗೆಯ ಸಹಿ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ವಿಭಾಗ ಪತ್ರ, ಆಮೇಲೆ ಮ್ಯುಟೇಶನ್. ಸಹಿ ಹಾಕಲು ಬಂದ ಒಬ್ಬ ತಂಗಿ ತನ್ನ ಪಾಲನ್ನೂ ಕೇಳಿದರು, ಕಾನೂನಿನಂತೆ ಅದು ಅವರದೇ. ಕೊಟ್ಟರು. ಉಳಿದದ್ದು ಅಣ್ಣನ ಹೆಸರಿಗೆ ಪಹಣಿಯಲ್ಲಿ ಏರಿತು, ಬಿಪಿಎಲ್ ಕಾರ್ಡನ್ನು ಹಿಂದಿರುಗಿಸಿದರು. 2022ರ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರ 130 ಅಡಿ ತುಂಬಿ ಕೋಡಿ ಬಿತ್ತು. 1933ರ ನಂತರ ಅದೇ ಮೊದಲು. ಆ ವೇಳೆಗೆ ಅಡಿಕೆಗೂ ಬೆಲೆಯಿತ್ತು. ಚೇಣಿಯ ಹಣವನ್ನು ಖಾತೆಗೇ ಹಾಕಬೇಕೆಂದು ಮಗ ಪಟ್ಟು ಹಿಡಿದ, ಮಂಡಿಯ ಬಿಲ್ಲುಗಳನ್ನು ಜೋಡಿಸಿಟ್ಟ. ತೆರಿಗೆ ಇಲ್ಲದಿದ್ದರೂ ಕೃಷಿ ಆದಾಯ ತೋರಿಸಿ ರಿಟರ್ನ್ ಸಲ್ಲಿಸಲು ಅಡ್ಡಿಯಿಲ್ಲ ಎಂದು ಚಿತ್ರದುರ್ಗದ ಲೆಕ್ಕಪರಿಶೋಧಕರೊಬ್ಬರು ಹೇಳಿದ ಮೇಲೆ ಅದೂ ನಡೆಯಿತು.

ಎರಡನೆಯ ಅರ್ಜಿ ಹೋದದ್ದು 2023ರಲ್ಲಿ. ಅಣ್ಣನ ಹೆಸರಿನ ಪಹಣಿ, ಅದರ ಇಂಗ್ಲಿಷ್ ಅನುವಾದ, ರಿಟರ್ನ್, ಮಂಡಿ ಬಿಲ್ಲು, ಆರು ತಿಂಗಳ ಸ್ಟೇಟ್‌ಮೆಂಟು ಇದ್ದವು. ಮನೆಯವರೆಲ್ಲರ ಹೆಸರಿರುವ ವಂಶವೃಕ್ಷ ಇತ್ತು. ಜೊತೆಗೆ ಒಂದು ಪುಟದ ಪತ್ರ: ಹಿಂದೆ ನಿರಾಕರಣೆ ಆಗಿದೆ, ಆಗ ಜಮೀನು ತಂದೆಯ ಹೆಸರಿನಲ್ಲಿತ್ತು, ಈಗ ದಾಖಲೆ ಸರಿಯಾಗಿದೆ, ಕಾಯಿ ಕೀಳುವ ಹೊತ್ತಿಗೆ ಊರಿನಲ್ಲಿರಲೇಬೇಕು. ನಿರಾಕರಣೆಯನ್ನು ಬಚ್ಚಿಡುವುದರಲ್ಲಿ ಅರ್ಥವಿಲ್ಲ, ಅದು ಅವರ ಕೋಶದಲ್ಲಿ ಇದ್ದೇ ಇರುತ್ತದೆ. ವೀಸಾ ಬಂತು, ಒಮ್ಮೆ ಮಾತ್ರ ಒಳಹೋಗಲು, ಕೇಳಿದಷ್ಟೇ ದಿನಕ್ಕೆ. ಚೀಟಿಯ ಮೇಲಿನ ದಿನಾಂಕಗಳ ಅಂತರ ಕೇಳಿದ್ದಕ್ಕಿಂತ ಹದಿನೈದು ದಿನ ಹೆಚ್ಚಿರುತ್ತದೆ. ಅದು ಪ್ರಯಾಣ ಹಿಂದುಮುಂದಾದರೆ ಇರಲಿ ಎಂದು ಬಿಟ್ಟ ಸಡಿಲ. ಇರಬಹುದಾದ ದಿನಗಳ ಸಂಖ್ಯೆಯನ್ನು ಬೇರೆಯೇ ನಮೂದಿಸಿರುತ್ತಾರೆ. ಎಷ್ಟೋ ಜನ ಇವೆರಡನ್ನು ಬೆರೆಸಿಕೊಂಡು ಹೆಚ್ಚು ದಿನ ಉಳಿದು ಮುಂದಿನ ಅರ್ಜಿಯನ್ನು ಕೆಡಿಸಿಕೊಳ್ಳುತ್ತಾರೆ. ಅಣ್ಣ ದಿನಕ್ಕೆ ಮೊದಲೇ ಮರಳಿದರು, ಚಳಿ ತಡೆಯಲಿಲ್ಲ.

2019ರ ನಂತರ ನಿಯಮಗಳು ಸಾಕಷ್ಟು ಬದಲಾಗಿವೆ. 2020ರ ಫೆಬ್ರವರಿಯಿಂದ ಆರು ತಿಂಗಳು ಮುಂಚಿತವಾಗಿ ಅರ್ಜಿ ಹಾಕಬಹುದು, ಕೊನೆಯ ಗಡುವು ಪ್ರಯಾಣಕ್ಕೆ 15 ದಿನ ಮೊದಲು. ಶುಲ್ಕ 2020ರಲ್ಲಿ 80 ಯೂರೋ ಆಯಿತು, 2024ರ ಜೂನ್ 11ರಿಂದ 90. ಆರರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ 45. ಭಾರತದಲ್ಲಿ ನೆಲೆಸಿರುವ ಭಾರತೀಯರಿಗೆಂದೇ 2024ರ ಏಪ್ರಿಲ್‌ನಲ್ಲಿ ಒಂದು ಅನುಕೂಲ ಬಂತು: ಹಿಂದಿನ ಮೂರು ವರ್ಷದಲ್ಲಿ ಎರಡು ವೀಸಾ ಪಡೆದು ಸರಿಯಾಗಿ ಬಳಸಿದವರಿಗೆ ಎರಡು ವರ್ಷದ, ಆಮೇಲೆ ಐದು ವರ್ಷದ ಬಹುಪ್ರವೇಶ ವೀಸಾ ಸಿಗಬಹುದು. ವರ್ಷ ಬಿಟ್ಟು ವರ್ಷ ಮಕ್ಕಳ ಮನೆಗೆ ಹೋಗಿಬರುವ ತಂದೆತಾಯಿಗಳಿಗೆ ಇದು ನಿಜವಾಗಿ ಉಪಯೋಗದ್ದು. 90 ದಿನದ ಮಿತಿ ಮಾತ್ರ ಹಾಗೇ ಇದೆ, ಐದು ವರ್ಷದ ವೀಸಾ ಇದ್ದರೂ ಐದು ತಿಂಗಳ ಬಾಣಂತನ ಆಗದು. 2025ರ ಅಕ್ಟೋಬರ್ 12ರಿಂದ ಗಡಿಯಲ್ಲಿ ಮುದ್ರೆಯ ಬದಲು ಗಣಕದಲ್ಲಿ ಬಂದುಹೋದ ಲೆಕ್ಕ ಇಡುವ ವ್ಯವಸ್ಥೆ ಹಂತಹಂತವಾಗಿ ಆರಂಭವಾಗಿದೆ, ಒಂದು ದಿನ ಹೆಚ್ಚು ಇದ್ದರೂ ತಾನಾಗಿ ಗೊತ್ತಾಗುತ್ತದೆ. ನಿರಾಕರಣೆಗೆ ಮೇಲ್ಮನವಿಯ ಹಕ್ಕು ಎಲ್ಲರಿಗೂ ಇದೆ, ದಾರಿ ದೇಶದಿಂದ ದೇಶಕ್ಕೆ ಬೇರೆ. ಜರ್ಮನಿ ದೂತಾವಾಸಕ್ಕೇ ಆಕ್ಷೇಪಣೆ ಬರೆಯುವ ಹಳೆಯ ಸೌಲಭ್ಯವನ್ನು 2025ರ ಜುಲೈ 1ರಿಂದ ನಿಲ್ಲಿಸಿದೆ, ಈಗ ನ್ಯಾಯಾಲಯವೊಂದೇ ದಾರಿ. ಬಹುಪಾಲು ಜನರಿಗೆ ಕಾಗದ ಸರಿಪಡಿಸಿ ಹೊಸ ಅರ್ಜಿ ಹಾಕುವುದೇ ಮೇಲು.

2024ರಲ್ಲಿ ಭಾರತದಿಂದ 11 ಲಕ್ಷಕ್ಕೂ ಹೆಚ್ಚು ಷೆಂಗೆನ್ ಅರ್ಜಿಗಳು ಹೋಗಿದ್ದವು, ಸುಮಾರು ಏಳಕ್ಕೆ ಒಂದು ತಿರಸ್ಕೃತವಾಯಿತು. ಚಿತ್ರದುರ್ಗ, ಹೊಸದುರ್ಗ, ಹೊಳಲ್ಕೆರೆ, ಹಿರಿಯೂರಿನ ತೋಟದ ಮನೆಗಳಿಂದ ಹೊರದೇಶಕ್ಕೆ ಹೋಗಿ ನೆಲೆಸಿದ ಮಕ್ಕಳು ಅಪ್ಪ ಅಮ್ಮನನ್ನು ಕರೆಸಿಕೊಳ್ಳುವ ಯೋಚನೆ ಮಾಡಿದಾಗ ವಿಮಾನದ ದರ ನೋಡುವ ಮೊದಲು ಮನೆಯ ಪಹಣಿ ತೆಗೆದು ಯಾರ ಹೆಸರಿದೆ ಎಂದು ನೋಡಲಿ. ತಾತನ ಹೆಸರಿದ್ದರೆ ಪೌತಿ ಖಾತೆಗೆ ಈ ವರ್ಷವೇ ಅರ್ಜಿ ಕೊಡಿಸಿ, ಅಡಿಕೆ ಕೊಬ್ಬರಿಯ ಹಣ ಬ್ಯಾಂಕಿನ ಮೂಲಕವೇ ಬರುವಂತೆ ನೋಡಿಕೊಳ್ಳಲಿ. ಅಕ್ಕತಂಗಿಯರ ಪಾಲನ್ನೂ ಆಗಲೇ ಕೊಟ್ಟುಬಿಡಲಿ.